ಹಾಲಿನ ಫ್ಯಾಟು ದಿನಾ ನೋಡ್ತೀವಿ, ಬಿಪಿ ನೋಡೋದು ಯಾವಾಗ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿ ಸೆಕ್ರೆಟರಿ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಬೆಳಕು ಹರಿಯೋ ಮೊದಲು ಬಾಗಿಲು ತೆಗೆಯಬೇಕು. ಹಾಲು ಅಳೆಯಬೇಕು, ಸ್ಯಾಂಪಲ್ ತೆಗೆದು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ನೋಡಿ ಬರೆಯಬೇಕು. ಫ್ಯಾಟು 3.5ಕ್ಕಿಂತ ಕೆಳಗೆ ಬಂದರೆ ಹಾಲು ತಂದವರು ಕ್ಯೂ ಬಿಟ್ಟು ಕದಲುವುದಿಲ್ಲ. 'ನಿನ್ನೆ ನಾಲ್ಕಿತ್ತಲ್ಲ ಸೆಕ್ರೆಟ್ರಣ್ಣ, ಇವತ್ತೇನಾಯ್ತು, ಇನ್ನೊಂದ್ಸಲ ನೋಡು' ಎಂದು ಜಗಳಕ್ಕೇ ನಿಲ್ಲುತ್ತಾರೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ದನದ ಡಾಕ್ಟರಿಗೆ ಫೋನ್ ಹೋಗುತ್ತದೆ. ಇಷ್ಟೆಲ್ಲ ಲೆಕ್ಕ ಇಡುವ ಊರಿನಲ್ಲಿ ತನ್ನ ಬಿಪಿ ಎಷ್ಟು ಎಂದು ಹೇಳಬಲ್ಲವರು ಹತ್ತು ಜನ ಇರಲಿಲ್ಲ. ಅದರ ಬಗ್ಗೆಯೇ ಈ ಪತ್ರ.

2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆ ಹೃದಯಾಘಾತದ ಜಿಲ್ಲೆ ಎಂದೇ ಹೆಸರಾಯಿತು. ಟಿವಿಯವರು ಸ್ಕೋರ್ ಹೇಳುವ ಹಾಗೆ ದಿನಾ ಸಾವಿನ ಲೆಕ್ಕ ಹೇಳಿದರು. ಪತ್ರಿಕೆಗಳೂ ಹಿಂದೆ ಬೀಳಲಿಲ್ಲ, ಬೇಜಾರು ಮಾಡ್ಕೋಬೇಡಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ನಿಂತರು. ನಮ್ಮೂರಿಂದಲೂ ಒಂದು ಟಿಟಿ ಮಾಡಿಕೊಂಡು ಹದಿಮೂರು ಜನ ಹೋದರು. ಆಮೇಲೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅವರು 24 ಸಾವುಗಳನ್ನು ಒಂದೊಂದಾಗಿ ನೋಡಿದರು. ಅದರಲ್ಲಿ 20 ಹೃದಯಕ್ಕೆ ಸಂಬಂಧಿಸಿದ್ದು, ಉಳಿದ ನಾಲ್ಕು ಬೇರೆ ಕಾರಣದವು ಎಂದರು. ಜಿಲ್ಲೆಯಲ್ಲಿ ಹೊಸದಾಗಿ ಏನೋ ರೋಗ ಬಂದು ಅಪ್ಪಳಿಸಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಂಡಿಲ್ಲ ಎಂದೂ ಹೇಳಿದರು. ಹಳೆಯ ಶತ್ರುಗಳೇ. ಬಿಪಿ, ಶುಗರ್, ಬೀಡಿ ಸಿಗರೇಟು, ಕುಡಿತ, ಮನೆತನದಲ್ಲೇ ಇರುವ ಕಾಯಿಲೆ. ಸಾವಿನ ಲೆಕ್ಕ ಬಾಯಿಪಾಠ ಆಗಿದ್ದ ನಮ್ಮೂರಿನವರಿಗೆ ಈ ವರದಿ ಬಂದದ್ದೇ ಗೊತ್ತಿಲ್ಲ.

ಇಂಥ ಕ್ಯೂ ನಾನು ನೋಡಿದ್ದು ಅದು ಎರಡನೇ ಸಲ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದರಲ್ಲ, 46 ವರ್ಷಕ್ಕೆ. ಆಗಲೂ ಹೀಗೇ ಜನ ಜಯದೇವಕ್ಕೆ ನುಗ್ಗಿದ್ದರು. ನಾನೂ ಆಗ ಹಾಸನಕ್ಕೆ ಹೋಗಿ ದುಡ್ಡು ಕೊಟ್ಟು ಇಸಿಜಿ ತೆಗೆಸಿದ್ದೆ. ನಾರ್ಮಲ್ ಬಂತು. ಆ ಚೀಟಿ ನೋಡಿ ಎಷ್ಟು ಧೈರ್ಯ ಬಂತೆಂದರೆ, ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬೋಂಡ ತಿಂದು ಒಂದು ಸಿಗರೇಟು ಸೇದಿ ಬಂದೆ.

ಹದಿನಾಲ್ಕು ತಿಂಗಳಿಗೆ ನನಗೇ ಬಂತು. 2022ರ ಡಿಸೆಂಬರ್, ಅವರೆಕಾಯಿ ಕಾಲ. ಹಿಂದಿನ ರಾತ್ರಿ ಹಿದುಕಿದ ಬೇಳೆ ಸಾರು, ಮುದ್ದೆ. ಬೆಳಗಿನ ಜಾವ ಐದೂವರೆಗೆ ಡೈರಿ ಬಾಗಿಲು ತೆಗೆಯುವಾಗ ಎದೆ ಮೇಲೆ ಯಾರೋ ತುಂಬಿದ ಕ್ಯಾನ್ ಇಟ್ಟ ಹಾಗಾಯಿತು. ಚುಚ್ಚಿದ ಹಾಗಲ್ಲ, ಭಾರ. ಎಡಗೈ ಭುಜದಿಂದ ಮೊಣಕೈವರೆಗೆ ಜೋಮು. ಆ ಚಳಿಯಲ್ಲೂ ಬನಿಯನ್ ಒದ್ದೆ. ಅವರೆಬೇಳೆ ತಾನೆ, ಗ್ಯಾಸ್ಟ್ರಿಕ್ ಅಂದುಕೊಂಡೆ. ಮಾತ್ರೆ ನುಂಗಿದೆ, ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿದೆ. ಒಂದು ತೇಗು ಬಂತು, ವಾಸಿಯಾಯಿತು ಅನ್ನಿಸಿತು. ಏಳೂವರೆಗೆ ಹಾಲಿನ ಗಾಡಿ ಬರುತ್ತದೆ, ಅಷ್ಟರೊಳಗೆ ಹಾಲು ತಗೋಬೇಕಲ್ಲ. ಎಲ್ಲ ಮುಗಿಸಿಯೇ ಎದ್ದೆ.

ಆಮೇಲೆ ಹೋದದ್ದು ಹೋಬಳಿಯ ಒಂದು ಸಣ್ಣ ಕ್ಲಿನಿಕ್ಕಿಗೆ. ಅಲ್ಲಿ ಹೊಟ್ಟೆ ಒತ್ತಿ ನೋಡಿ, ಗ್ಯಾಸಿಗೆ ಒಂದು ಇಂಜೆಕ್ಷನ್ ಹಾಕಿ, ಮನೆಗೆ ಹೋಗಿ ಮಲಗಿ ಎಂದರು. ಇಸಿಜಿ ಮಾತೇ ಬರಲಿಲ್ಲ. ಮನೆಗೆ ಬಂದು ವಾಂತಿ ಮಾಡಿಕೊಂಡ ಮೇಲೆ ನನ್ನ ಮಗಳು ಹಟ ಹಿಡಿದು ಪಕ್ಕದ ಮನೆಯ ಕಾರಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಸಿಜಿ ತೆಗೆದಾಗ ಹತ್ತೂಕಾಲು. ನೋವು ಶುರುವಾಗಿ ನಾಲ್ಕೂಮುಕ್ಕಾಲು ಗಂಟೆ ಆಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು, ಮೈಸೂರಿಗೆ ಕಳಿಸಿದರು, ಸ್ಟೆಂಟ್ ಹಾಕಿದರು. ಬದುಕಿದೆ. ಆದರೆ ಹೃದಯದ ಒಂದು ಭಾಗ ಸತ್ತೇ ಹೋಗಿತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗಿನಲ್ಲಿ, ಪಂಪಿಂಗ್ ಶೇಕಡಾ 40 ಎಂದು ಬರೆದರು. ಸರಿಯಾಗಿರುವವರಿಗೆ 55ರ ಮೇಲಿರಬೇಕಂತೆ. ಒಬ್ಬನೇ ನಲವತ್ತು ಲೀಟರ್ ಕ್ಯಾನ್ ಎತ್ತುತ್ತಿದ್ದವನು ಈಗ ಬಿಂದಿಗೆ ಎತ್ತಿದರೂ ಮಗಳು ಬೈಯುತ್ತಾಳೆ.

ಮೈಸೂರಿನಲ್ಲಿ ಡಾಕ್ಟರನ್ನು ಕೇಳಿದೆ. ಸಾರ್, ಹೋದ ವರ್ಷ ಇಸಿಜಿ ನಾರ್ಮಲ್ ಇತ್ತಲ್ಲ? ಅವರು ಕಾಗದದ ಹಿಂದೆ ಒಂದು ಪೈಪ್ ಬರೆದು ತೋರಿಸಿದರು. ನಾವೆಲ್ಲ ತಿಳಿದಿರುವುದು ರಕ್ತನಾಳದಲ್ಲಿ ಕೊಬ್ಬು, ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿದ ಹಾಗೆ ಕಟ್ಟುತ್ತಾ ಬಂದು ಒಂದು ದಿನ ಪೂರ್ತಿ ಮುಚ್ಚುತ್ತದೆ ಎಂದು. ಸಾಮಾನ್ಯವಾಗಿ ಹಾಗಲ್ಲವಂತೆ. ಕೊಬ್ಬು ಸೇರುವುದು ನಾಳದ ಗೋಡೆಯ ಒಳಗೆ, ಕುರುವಿನ ಹಾಗೆ. ಮೇಲೆ ತೆಳ್ಳಗಿನ ಪೊರೆ. ಬಿಪಿ ಜಾಸ್ತಿ ಇದ್ದರೆ ಗೋಡೆಗೆ ದಿನವಿಡೀ ಏಟು. ಶುಗರ್ರು, ಹೊಗೆ ಗೋಡೆಯನ್ನು ಹಾಳು ಮಾಡುತ್ತವೆ. ಕೆಟ್ಟ ಕೊಲೆಸ್ಟ್ರಾಲು ಆ ಕುರು ತುಂಬಿಸುತ್ತದೆ. ಒಂದು ದಿನ ಪೊರೆ ಒಡೆಯುತ್ತದೆ. ಗಾಯವಾದರೆ ರಕ್ತ ಹೆಪ್ಪುಗಟ್ಟಬೇಕು ತಾನೆ? ಅಲ್ಲೂ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ನಿಮಿಷಗಳಲ್ಲಿ ನಾಳ ಮುಚ್ಚಿಬಿಡುತ್ತದೆ. ಕುರು ಒಡೆಯುವ ಹಿಂದಿನ ದಿನ ಸುಮ್ನೆ ಮಲಗಿಸಿ ಇಸಿಜಿ ತೆಗೆದರೆ ಏನೂ ಕಾಣಿಸದೇ ಇರಬಹುದು. ನೋವಿದ್ದಾಗ ಇಸಿಜಿ ಬೇಕೇ ಬೇಕು. ನೋವಿಲ್ಲದವನು ಹೆದರಿಕೆಗೆ ತೆಗೆಸಿದ ನಾರ್ಮಲ್ ಇಸಿಜಿ ಮುಂದಿನ ವರ್ಷಕ್ಕೆ ಗ್ಯಾರಂಟಿ ಕಾರ್ಡ್ ಅಲ್ಲ.

ಆಮೇಲೆ ಅವರು ಕೇಳಿದ್ದು, ಬಿಪಿ ಯಾವಾಗಿಂದ ಇದೆ?

ನಾನು ಸುಳ್ಳು ಹೇಳಿದೆ, ಗೊತ್ತಿಲ್ಲ ಎಂದು. ನಿಜ ಏನೆಂದರೆ 2018ರಲ್ಲಿ ಒಂದು ಕ್ಯಾಂಪಿನಲ್ಲಿ ನೋಡಿ 160/100 ಎಂದು ಬರೆದುಕೊಟ್ಟಿದ್ದರು. ಆ ಚೀಟಿ ಡೈರಿ ಲೆಡ್ಜರ್ ಒಳಗೆ ಮಡಿಸಿಟ್ಟಿದ್ದೆ. ಒಂದು ತಿಂಗಳು ಮಾತ್ರೆ ತಗೊಂಡೆ. 'ಒಂದ್ಸಲ ಶುರು ಮಾಡಿದ್ರೆ ಸಾಯೋವರೆಗೂ ಬಿಡೋಕಾಗಲ್ಲ' ಎಂದು ಯಾರೋ ಹೇಳಿದರು, ನಿಲ್ಲಿಸಿದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಇನ್ನೇನು ಬಿಪಿ? ಬಿಪಿ ಹೆಚ್ಚಾದರೆ ಬಹಳಷ್ಟು ಜನಕ್ಕೆ ಗೊತ್ತೇ ಆಗುವುದಿಲ್ಲ ಎಂಬುದು ಗೊತ್ತಾಗಲು ನನಗೆ ಒಂದು ಸ್ಟೆಂಟ್ ಬೇಕಾಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಮೊದಲು ಹಿಡಿದದ್ದು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅದರೊಳಗಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 'ನಾವೇನು ಜಾಸ್ತಿ ತಿನ್ನಲ್ಲ' ಎಂದಳು ನನ್ನ ಹೆಂಡತಿ. ಸರಿ, ಅಳೆದೇ ನೋಡೋಣ ಎಂದು ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದೆ. ಮನೆಯಲ್ಲಿ ನಾಲ್ಕು ಜನ. ದಿನಕ್ಕೆ 20 ಗ್ರಾಂ ಆದರೆ ಪ್ಯಾಕೆಟ್ 50 ದಿನ ಬರಬೇಕು. ಇಪ್ಪತ್ತೊಂದನೇ ದಿನಕ್ಕೆ ತಳ ಕಂಡಿತು. ಅದರಲ್ಲಿ ಸ್ವಲ್ಪ ಬಸಿದ ನೀರಿನಲ್ಲಿ ಹೋಗಿರಬಹುದು, ಒಪ್ಪೋಣ. ಆದರೆ ಉಪ್ಪಿನಕಾಯಿ, ಹಪ್ಪಳ, ಅಂಗಡಿ ಮಿಕ್ಸ್ಚರ್ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಈಗ ಉಪ್ಪುಸಾರು ವಾರಕ್ಕೊಮ್ಮೆ, ಖಾರ ಬೇರೆ ಕುಟ್ಟಿ, ಹುಣಸೆಹುಳಿ ಮುಂದೆ ಮಾಡಿ, ಉಪ್ಪು ಹಿಂದೆ. ಮಜ್ಜಿಗೆಗೆ ಉಪ್ಪಿಲ್ಲ. ಮೊದಲ ಹದಿನೈದು ದಿನ ಊಟ ಮಣ್ಣು ತಿಂದ ಹಾಗಿತ್ತು. ಈಗ ಮದುವೆ ಮನೆ ಸಾರು ಕುಡಿದರೆ ಸಮುದ್ರದ ನೀರು ಕುಡಿದ ಹಾಗೆ ಅನ್ನಿಸುತ್ತದೆ. ಈಗಿನ ಪ್ಯಾಕೆಟ್ 41 ದಿನ ಬಂತು. ಇನ್ನೂ ಐವತ್ತಕ್ಕೆ ಮುಟ್ಟಿಲ್ಲ.

ಬೀಡಿ ಸಿಗರೇಟಿನ ವಿಷಯ ಹೇಳಲು ನಮ್ಮ ತಾಲ್ಲೂಕಿನವನಿಗೆ ಸ್ವಲ್ಪ ಸಂಕೋಚ. ಹೊಗೆಸೊಪ್ಪು ಬೆಳೆಯುವವರು ನಾವು. ರಾಮನಾಥಪುರದ ಹರಾಜಿನಲ್ಲಿ ಒಳ್ಳೆ ರೇಟು ಬಂದರೆ ಡೈರಿ ಮುಂದೆಯೂ ಸಿಹಿ ಹಂಚುತ್ತಾರೆ. ನಾನು ಬಿಟ್ಟೆ. ಬಿಟ್ಟು ಒಂದು ವರ್ಷಕ್ಕೆ ಹೃದಯದ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದಂತೆ. ಅಷ್ಟು ಬೇಗ ಫಲ ಕೊಡುವ ಬೆಳೆ ನಮ್ಮಲ್ಲಿ ಕಡಿಮೆ.

ಈಗ ಡೈರಿಗೆ ಬರುತ್ತೇನೆ. ಆ 2025ರ ಗಲಾಟೆ ಆದ ಮೇಲೆ ನಾನು ನಮ್ಮ ಸಂಘದ ಮೀಟಿಂಗಿನಲ್ಲಿ ಒಂದು ಬಿಪಿ ಮಿಷನ್ ತರೋಣ ಎಂದೆ. ತೋಳಿಗೆ ಕಟ್ಟುವ ಡಿಜಿಟಲ್ ಮಿಷನ್, ಎರಡು ಸಾವಿರದೊಳಗೆ ಬರುತ್ತದೆ. 'ಇದು ಡೈರಿನೋ ಆಸ್ಪತ್ರೆನೋ' ಎಂದರು ಒಬ್ಬ ಡೈರೆಕ್ಟರು. ಕಾಲುಬಾಯಿ ಜ್ವರದ ಲಸಿಕೆ ಇಲ್ಲೇ ತಾನೆ ಹಾಕಿಸೋದು, ದನಕ್ಕಾದರೆ ಆಸ್ಪತ್ರೆ ಆಗಬಹುದು, ಮನುಷ್ಯರಿಗೆ ಬೇಡವಾ ಎಂದೆ. ಕೊನೆಗೆ ಒಪ್ಪಿದರು.

ಬಟವಾಡೆ ದಿನ ಸಂಜೆ ನೋಡುತ್ತೇವೆ. ಆವತ್ತು ಎಲ್ಲ ಮನೆಯವರೂ ಬಂದೇ ಬರುತ್ತಾರೆ, ದುಡ್ಡಿನ ದಿನ ಅಲ್ವಾ. ಹಾಲು ಹೊತ್ತು ಬಂದ ತಕ್ಷಣ ನೋಡಿದರೆ ಜಾಸ್ತಿ ತೋರಿಸುತ್ತದೆ. ಅದಕ್ಕೆ ಗೋಡೆ ಪಕ್ಕ ಬೆಂಚು ಹಾಕಿದ್ದೇವೆ. ಐದು ನಿಮಿಷ ಮಾತಾಡದೆ ಕೂರಬೇಕು. ನಮ್ಮೂರಿನ ಕೆಲವರಿಗೆ ಇದೇ ದೊಡ್ಡ ಶಿಕ್ಷೆ. ಬೆನ್ನು ಗೋಡೆಗೆ, ಕಾಲು ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಎರಡು ಸಲ ನೋಡಿ ಹಾಲಿನ ಪಾಸ್‌ಪುಸ್ತಕದ ಕೊನೆ ಹಾಳೆಯಲ್ಲಿ ಬರೆಯುತ್ತೇವೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದರೆ ಆಶಾ ಕಾರ್ಯಕರ್ತೆಗೆ ಹೆಸರು ಹೇಳುತ್ತೇವೆ. ನಾನು ಡಾಕ್ಟರಲ್ಲ, ಮಾತ್ರೆ ಹೇಳುವುದಿಲ್ಲ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಎರಡನ್ನೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ನೋಡುತ್ತಾರೆ, ಮಾತ್ರೆಯೂ ಪುಕ್ಕಟೆ. ಅಲ್ಲಿಯವರೆಗೆ ಹೋಗದವರನ್ನು ಹೋಗುವ ಹಾಗೆ ಮಾಡುವುದಷ್ಟೇ ನಮ್ಮ ಕೆಲಸ.

ಎರಡನೇ ಬಟವಾಡೆಯಲ್ಲಿ ಒಬ್ಬ ಹೆಂಗಸು ಕೂತರು. ಮೂರು ಹಸು ಕಟ್ಟಿ, ಒಬ್ಬರೇ ಹುಲ್ಲು ಕೊಯ್ದು ಹೊರುವವರು. 'ನಂಗೇನಾಗೈತಣ್ಣ, ಗುಂಡುಕಲ್ಲಿನಂಗಿದೀನಿ' ಎಂದು ನಗುತ್ತಲೇ ಕೈ ಕೊಟ್ಟರು. 192/108. ಮಿಷನ್ ಕೆಟ್ಟಿದೆ ಎಂದರು. ನನ್ನ ಕೈಗೆ ಕಟ್ಟಿ ತೋರಿಸಿದೆ, 128. ಮತ್ತೆ ಅವರಿಗೆ ಕಟ್ಟಿದೆ, 188. ಕೆದಕಿ ಕೇಳಿದರೆ, ಒಂದು ತಿಂಗಳಿಂದ ಹುಲ್ಲಿನ ಹೊರೆ ಹೊತ್ತಾಗ ದವಡೆ ಹಿಡಿದುಕೊಳ್ಳುತ್ತಂತೆ, ಬೆನ್ನು ನೋಯುತ್ತಂತೆ, ಕೂತರೆ ಹೋಗುತ್ತಂತೆ. ಹಲ್ಲುನೋವು ಎಂದು ಲವಂಗ ಇಟ್ಟುಕೊಂಡಿದ್ದರು. ಹೆಂಗಸರಲ್ಲಿ ಎಷ್ಟೋ ಸಲ ಹೀಗೇ ಬರುತ್ತದೆ, ಎದೆ ನೋವೇ ಇರಬೇಕೆಂದಿಲ್ಲ. ಶುಗರ್ ಇರುವವರಿಗೆ ನೋವೇ ಗೊತ್ತಾಗದೆ ಬರೀ ಸುಸ್ತು, ಉಬ್ಬಸ ಇರಬಹುದು. ಅವತ್ತೇ ಸಂಜೆ ಅವರ ಮಗನ ಜೊತೆ ಆಸ್ಪತ್ರೆಗೆ ಕಳಿಸಿದೆವು. ಈಗ ಚಿಕಿತ್ಸೆಯಲ್ಲಿದ್ದಾರೆ, ಹಸು ಎರಡಕ್ಕೆ ಇಳಿಸಿದ್ದಾರೆ. 'ನಿನ್ನ ಮಿಷನ್ನಿಂದ ನಂಗೆ ಒಂದು ಹಸು ಲಾಸು' ಎಂದು ಈಗಲೂ ಬೈಯುತ್ತಾರೆ.

ಮೀಟಿಂಗಿನಲ್ಲಿ ವಿರೋಧ ಮಾಡಿದ ಡೈರೆಕ್ಟರು ಮೂರು ಬಟವಾಡೆ ತಪ್ಪಿಸಿಕೊಂಡು ನಾಲ್ಕನೆಯದರಲ್ಲಿ ಕೂತರು. ಎಷ್ಟು ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಮಾತ್ರೆ ತಗೋತಾ ಇದ್ದಾರೆ.

ಹಾಲು ಒಕ್ಕೂಟದವರಲ್ಲಿ ನನ್ನ ಕೋರಿಕೆ ಇಷ್ಟು: ಪ್ರತಿ ಸಂಘಕ್ಕೂ ಒಂದು ಬಿಪಿ ಮಿಷನ್, ಒಂದು ಬೆಂಚು ಕೊಡಿ. ಎರಡು ಹೊತ್ತೂ ಜನ ತಾವಾಗಿಯೇ ಬಂದು ಸಾಲು ನಿಲ್ಲುವ ಜಾಗ ಹಳ್ಳಿಯಲ್ಲಿ ಬೇರೆ ಯಾವುದಿದೆ? ಪೇಟೆಯವರು ಆಟೊ ಸ್ಟ್ಯಾಂಡ್, ಬಸ್ ಡಿಪೊಗಳಲ್ಲಿ ಇದನ್ನೇ ಮಾಡಬಹುದು. ನಮ್ಮ ಜಿಲ್ಲೆಯಲ್ಲಿ ಹೋದವರಲ್ಲಿ ಆಟೊ, ಕ್ಯಾಬ್ ಓಡಿಸುವವರೂ ಹಲವರಿದ್ದರು.

ತಮ್ಮಲ್ಲೂ ಒಂದು ಕೋರಿಕೆ ಇದೆ. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಕೆಲವೇ ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ಮೊದಲ ಗಂಟೆಯೊಳಗೆ ಸಿಕ್ಕರೆ ಹೃದಯ ಹೆಚ್ಚು ಉಳಿಯುತ್ತದೆ. ಆದರೆ ಎದೆ ಹಿಡಿದುಕೊಂಡವನನ್ನು ಮೊದಲು ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ನಮ್ಮ ಡೈರಿಯಲ್ಲಿ ಕೇಳಿ ನೋಡಿ, ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ನಿಮ್ಮ ಜಿಲ್ಲಾ ಪುಟದಲ್ಲಿ ಮಳೆ, ಜಲಾಶಯದ ಮಟ್ಟ, ಆಲೂಗೆಡ್ಡೆ ರೇಟು ಹಾಕುತ್ತೀರಲ್ಲ, ಅದರ ಪಕ್ಕ ವಾರಕ್ಕೊಮ್ಮೆಯಾದರೂ ಜಿಲ್ಲೆಯಲ್ಲಿ ಈ ಇಂಜೆಕ್ಷನ್ ಸಿಗುವ ಆಸ್ಪತ್ರೆಗಳ ಪಟ್ಟಿ ಹಾಕಿ. ಕತ್ತರಿಸಿ ಡೈರಿ ಗೋಡೆಗೆ ಅಂಟಿಸುವುದು ನನ್ನ ಜವಾಬ್ದಾರಿ. ಹಗಲು ಮಾತ್ರವಲ್ಲ, ರಾತ್ರಿ ಹೊತ್ತೂ ಅಲ್ಲಿ ಇಸಿಜಿ ತೆಗೆಯುವವರು ಇರುತ್ತಾರಾ ಎಂದು ಕೇಳಿಯೇ ಹಾಕಿ. ನನಗೆ ನೋವು ಬಂದಾಗ ಬೆಳಗಿನ ಜಾವ ಐದೂವರೆ.

ಇತಿ,
ಒಬ್ಬ ಡೈರಿ ಸೆಕ್ರೆಟರಿ
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ