ಸೋಲಾರ್ ಚಾರ್ಜರ್ ಕೊಳ್ಳುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಹತ್ತಿರ ಬಂತು. ನಮ್ಮ ಮಲೆನಾಡಿನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರಲು ಎರಡು ಮೂರು ದಿನ ಆಗುವುದೂ ಉಂಟು ಅಲ್ವಾ? ಯಾವ ಸೋಲಾರ್ ಚಾರ್ಜರ್ ತಗೊಳ್ಳೋದು ಅಂತ ತುಂಬಾ ಜನ ಕೇಳಿದ್ದೀರಿ.

ಬೆನ್ನಿಗೇ ಪುಟ್ಟ ಪ್ಯಾನೆಲ್ ಅಂಟಿಸಿರುವ ಪವರ್ ಬ್ಯಾಂಕ್ ದಯವಿಟ್ಟು ಬೇಡ. ಅಂಗೈಯಷ್ಟು ಪ್ಯಾನೆಲ್‌ನಿಂದ ಸಿಗುವುದು ಒಂದು, ಒಂದೂವರೆ ವ್ಯಾಟ್. 10,000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಂಕ್ ತುಂಬಲು ಸುಮಾರು 37 ವ್ಯಾಟ್-ಅವರ್ ಬೇಕು, ಅಂದರೆ ಒಂದು ವ್ಯಾಟ್‌ನಂತೆ 37 ಗಂಟೆ. ಒಳ್ಳೆ ಬಿಸಿಲಿದ್ದರೂ ಐದಾರು ದಿನ ಹಿಡಿಯುತ್ತದೆ. ಅಷ್ಟು ದಿನ ಬಿಸಿಲಲ್ಲಿ ಕಾದರೆ ಒಳಗಿನ ಲಿಥಿಯಂ ಬ್ಯಾಟರಿಯೂ ಬೇಗ ಹಾಳು.

ಪ್ಯಾನೆಲ್ ಬೇರೆ, ಬ್ಯಾಂಕ್ ಬೇರೆ ತಗೊಳ್ಳಿ. ಯುಎಸ್‌ಬಿ ಇರುವ 20 ವ್ಯಾಟ್‌ನ ಮಡಚುವ ಪ್ಯಾನೆಲ್ ಸಾಕು. ಅದನ್ನು ಅಂಗಳದಲ್ಲಿ ಬಿಡಿಸಿಡಿ, ಬ್ಯಾಂಕ್ ನೆರಳಲ್ಲಿರಲಿ. ಒಂದು ಅಡಿಕೆ ಸೋಗೆಯ ನೆರಳು ಅಡ್ಡ ಬಿದ್ದರೂ ಚಾರ್ಜಿಂಗ್ ತೀರಾ ಕಮ್ಮಿಯಾಗುತ್ತದೆ, ಆಗಾಗ ಜಾಗ ಬದಲಿಸಿ.

ಜುಲೈನ ದಟ್ಟ ಮೋಡದಲ್ಲಿ ಜಾಸ್ತಿ ನಿರೀಕ್ಷೆ ಬೇಡ. ಕರೆಂಟ್ ಇರುವಾಗಲೇ ಬ್ಯಾಂಕ್ ತುಂಬಿಸಿಡಿ. ಹಿರಿಯರು ಇಬ್ಬರೇ ಇರುವ ಮನೆಯವರು ನನಗೆ ತಿಳಿಸಿ, ಬಂದು ಜೋಡಿಸಿ ತೋರಿಸುತ್ತೇನೆ.