ಕರಪತ್ರ ಕಿಸೆಗೆ ಹೋಗುವಂತಿರಲಿ

ಮಾನ್ಯರೇ,

ನಾನು ಕಾರವಾರದ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ಬಿಲ್ ಬುಕ್‌ಗಳ ನಡುವೆ ಲೈಂಗಿಕ ಆರೋಗ್ಯದ ಕರಪತ್ರಗಳೂ ಬರುತ್ತವೆ. ಅವುಗಳನ್ನು ಟೈಪ್ ಮಾಡುವಾಗೆಲ್ಲ ಒಂದೇ ಅನುಮಾನ: ಇದನ್ನು ಯಾರಾದರೂ ಓದುತ್ತಾರಾ?

ಓದಲಾಗದಂತೆ ಆಗುವುದು ಹೇಗೆ ಅಂತ ನನಗೆ ಗೊತ್ತು. ಒಂದೇ ಎ4 ಹಾಳೆ ಎಂದು ಮೊದಲೇ ತೀರ್ಮಾನ ಆಗಿರುತ್ತದೆ. ಮೇಲ್ಗಡೆ ಲೋಗೋಗಳ ಸಾಲು. ಪ್ರೂಫ್ ಹೋದ ಕಡೆಯಲ್ಲೆಲ್ಲ ಎರಡು ಸಾಲು ಸೇರುತ್ತದೆ, ತೆಗೆಯುವವರು ಯಾರೂ ಇಲ್ಲ. ಕೊನೆಗೆ ‘ಅಕ್ಷರ ಸ್ವಲ್ಪ ಸಣ್ಣ ಮಾಡಿ ಮೇಡಂ’ ಅನ್ನುತ್ತಾರೆ. 12 ಪಾಯಿಂಟ್ 8ಕ್ಕೆ ಇಳಿಯುತ್ತದೆ. ಅಷ್ಟು ಸಣ್ಣದಾದರೆ ಒತ್ತಕ್ಷರಗಳೆಲ್ಲ ಮಸಿ ಚುಕ್ಕೆ. ಆರ್ಡರ್ ಬರುವುದೂ ನವೆಂಬರ್ ಕೊನೆಯ ವಾರದಲ್ಲಿ, ಡಿಸೆಂಬರ್ 1ರ ಏಡ್ಸ್ ದಿನದ ಗಡಿಬಿಡಿಯಲ್ಲಿ. ತಿದ್ದಲು ಯಾರಿಗೆ ಪುರುಸೊತ್ತು?

ಒಮ್ಮೆ ನಮ್ಮಲ್ಲಿ ಬೈಂಡಿಂಗ್ ಮಾಡುವ ಅಕ್ಕ ಕರಪತ್ರ ಮಡಿಸುತ್ತಾ ಓದಿದರು. ‘ಅದೆಲ್ಲ ಸರಿ, ಹೋಗಬೇಕಾದ್ದು ಎಲ್ಲಿಗೆ?’ ಅಂದರು. ವೈರಸ್‌ನ ವಿವರ ಅರ್ಧ ಪುಟ ಇತ್ತು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆಗೆ ದುಡ್ಡಿಲ್ಲ, ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ದುಡ್ಡಿಲ್ಲ ಎಂಬ ಮಾತು ಕೊನೆಯ ಮಡಿಕೆಯ ಬುಡದಲ್ಲಿತ್ತು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಸುಮ್ನೆ ಯಾರಿಗೋ ಹೇಳುವಂತಿಲ್ಲ ಎಂದು 2017ರ ಎಚ್‌ಐವಿ–ಏಡ್ಸ್ ಕಾಯ್ದೆಯೇ ಇದೆ. ಅದರ ಸುದ್ದಿಯೇ ಇರಲಿಲ್ಲ. ಹೆದರುವವರಿಗೆ ಮೊದಲು ಬೇಕಾದ್ದು ಅದೇ ಅಲ್ವಾ?

ಇನ್ನು ಲೈಂಗಿಕ ಸೋಂಕಿನ ಹುಣ್ಣಿನ ಫೋಟೊಗಳು. ನೋಡಿದವರು ‘ನನಗೆ ಹೀಗಿಲ್ಲಪ್ಪ’ ಎಂದು ನಿರಾಳವಾಗುತ್ತಾರೆ. ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣವೇ ಕಾಣುವುದಿಲ್ಲ. ಸಿಫಿಲಿಸ್, ಗೊನೊರಿಯಾ ಔಷಧಿಯಿಂದ ವಾಸಿಯಾಗುತ್ತವೆ, ಆದರೆ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ತಗೋಬೇಕು, ಇಲ್ಲದಿದ್ದರೆ ಮತ್ತೆ ಅಂಟುತ್ತದೆ. ಆ ಫೋಟೊ ತೆಗೆದು ಇಷ್ಟನ್ನು ದಪ್ಪ ಅಕ್ಷರದಲ್ಲಿ ಹಾಕಬಹುದು.

ನಮ್ಮೂರಿನ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ನಾಲ್ಕು ಜನರ ಎದುರು ‘ಎಚ್ಚರಿಕೆ!’ ಎಂದು ಕೂಗುವ ಕೆಂಪು ಹಾಳೆಯನ್ನು ಯಾವ ಹುಡುಗ ಕೈಗೆ ತಗೊಳ್ಳುತ್ತಾನೆ? ಬೋಟಿನಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್‌ನವರೂ ಇದ್ದಾರೆ. ಅವರಿಗೆ ಕನ್ನಡದ ಹಾಳೆ ಕೊಟ್ಟು ಏನು ಉಪಯೋಗ? ಹಿಂದಿ, ಒಡಿಯಾದಲ್ಲಿ ಬೇರೆಯೇ ಮಾಡಿಸಬೇಕು. ಜೂನ್, ಜುಲೈನ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಅವರು ವಾಪಸ್ ಬರುವಾಗಲೇ ಹಂಚಬೇಕು. ಕಾಲೇಜು ಹುಡುಗಿಯರ ಪ್ರಶ್ನೆಗಳೇ ಬೇರೆ. ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್‌ನ ಹೆಸರು ಅವರ ಹಾಳೆಯಲ್ಲಿ ಮೊದಲು ಬರಲಿ.

ಖರ್ಚು ಜಾಸ್ತಿ ಆಗುತ್ತದೆ ಅನ್ನಬೇಡಿ. ಒಂದು ಎ4 ಹಾಳೆ ಕತ್ತರಿಸಿದರೆ ಕಿಸೆಯಲ್ಲಿ ಹಿಡಿಯುವ ಎಂಟು ಚೀಟಿ ಆಗುತ್ತವೆ. ಹೊರಗೆ ‘ನಿಮ್ಮ ಆರೋಗ್ಯಕ್ಕೆ’ ಅಂತಿದ್ದರೆ ಸಾಕು. ಒಳಗೆ ಎಲ್ಲಿ, ಯಾವ ಹೊತ್ತಿಗೆ, ಯಾರನ್ನು ಕೇಳಬೇಕು ಎಂಬುದು ಇರಲಿ. ಲೋಗೋಗಳು ಹಿಂಬದಿಗೆ ಹೋಗಲಿ. ಕರಪತ್ರ ಮಾಡಿಸುವವರೇ, ಈ ವರ್ಷ ಏಡ್ಸ್ ದಿನದ ಆರ್ಡರನ್ನು ಅಕ್ಟೋಬರ್‌ನಲ್ಲೇ ಕೊಡಿ. ಪ್ರೂಫನ್ನು ಬಂದರಿನಲ್ಲಿ ಒಬ್ಬರಿಗೆ, ಕಾಲೇಜಿನಲ್ಲಿ ಒಬ್ಬರಿಗೆ ಓದಿಸಿ, ‘ಈಗ ಎಲ್ಲಿಗೆ ಹೋಗುತ್ತೀರಿ?’ ಎಂದು ಕೇಳಿ ನೋಡಲು ಸಮಯ ಸಿಗುತ್ತದೆ. ತಿದ್ದಿ ಕೊಡುವುದಕ್ಕೆ ನಾವಿದ್ದೇವೆ.

– ಡಿಟಿಪಿ ಕೆಲಸದವಳು, ಕಾರವಾರ