ಸೆನ್ಸರ್ ಸುಳ್ಳು ಹೇಳಿದರೆ?

ಸಂಪಾದಕರೇ,

ಚಾಲಕರಿಲ್ಲದ ಕಾರುಗಳ ಸುದ್ದಿಯಲ್ಲೆಲ್ಲ ಸೆನ್ಸರ್‌ಗಳದ್ದೇ ಮಾತು. ಅವನ್ನು ಎಷ್ಟು ನಂಬಬೇಕು ಅನ್ನುವುದು ಅದಕ್ಕಿಂತ ಮುಖ್ಯ, ಅಲ್ವಾ? ಕಂಟ್ರೋಲ್ ಎಂಜಿನಿಯರಿಂಗ್ ಕಲಿಸುವ ನನಗೆ ಇದೇ ಚಿಂತೆ.

2016ರಲ್ಲಿ ಮಂಗಳದಲ್ಲಿ ಇಳಿಯುತ್ತಿದ್ದ ಯುರೋಪಿನ ಸ್ಕಿಯಾಪರೆಲ್ಲಿ ನೌಕೆಯನ್ನೇ ನೋಡಿ. ತಿರುಗುವ ವೇಗ ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡು ತನ್ನ ಗರಿಷ್ಠ ಮಿತಿಯಲ್ಲೇ ಸಿಕ್ಕಿಕೊಂಡಿತು. ಅದನ್ನು ನಂಬಿದ ಕಂಪ್ಯೂಟರ್, ನೌಕೆ ನೆಲಕ್ಕಿಂತ ಕೆಳಗಿದೆ ಎಂದು ಲೆಕ್ಕ ಹಾಕಿತು. ಸುಮಾರು 3.7 ಕಿಲೋಮೀಟರ್ ಎತ್ತರದಲ್ಲೇ ಪ್ಯಾರಾಚೂಟ್ ಕಳಚಿತು. ನೌಕೆ ಅಪ್ಪಳಿಸಿತು.

ಸೆನ್ಸರ್‌ಗಳ ಅಷ್ಟೇನೂ ನಿಖರವಲ್ಲದ ಅಳತೆಗಳಿಂದ ಯಂತ್ರದ ನಿಜಸ್ಥಿತಿಯನ್ನು ಅಂದಾಜು ಮಾಡುವ ಗಣಿತ ವಿಧಾನ, 1960ರ ಕಾಲ್ಮನ್ ಫಿಲ್ಟರ್, ಅದ್ಭುತವೇ. ಆದರೆ ಯಂತ್ರ, ಸೆನ್ಸರ್ ಹೇಗೆ ವರ್ತಿಸುತ್ತವೆ ಎಂದು ನಾವು ಕೊಟ್ಟ ಗಣಿತದ ಮಾದರಿ ಸರಿ ಇದ್ದರಷ್ಟೇ ಅದರ ಉತ್ತರ ನಂಬಬಹುದು. ಎಚ್-ಇನ್ಫಿನಿಟಿ ಎಂಬ ಇನ್ನೊಂದು ಬಗೆಯಂಥ ಫಿಲ್ಟರ್‌ಗಳು ಅತಿ ಕೆಟ್ಟ ಸಂದರ್ಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮಾಮೂಲಿ ಸಮಯದ ನಿಖರತೆ ಸ್ವಲ್ಪ ಕಡಿಮೆಯಾದರೂ ಆಗಲಿ. ಜನರನ್ನು ಹೊತ್ತೊಯ್ಯುವ ಯಂತ್ರ ತಯಾರಿಸುವವರನ್ನು ನಿಮ್ಮ ವರದಿಗಾರರು ಇದನ್ನೂ ಕೇಳಲಿ: ಸೆನ್ಸರ್ ತಪ್ಪಿದಾಗ ನಿಮ್ಮ ಅಂದಾಜು ಎಷ್ಟು ತಪ್ಪಬಹುದು?

– ಒಬ್ಬ ಅಧ್ಯಾಪಕಿ